ಬಾಗಿಲಿರುವ ವಿಮಾನ ಸೀಟು: ದುಡ್ಡು ಹಾಕುವ ಮುನ್ನ

ಅವ್ವನಿಗೆ ಮೊಣಕಾಲು ನೋವು. ಅಮೆರಿಕದ ತಮ್ಮನ ಮನೆಗೆ ಹೋಗಬೇಕಿತ್ತು. ಕಲಬುರಗಿಯಿಂದ ಹೈದರಾಬಾದ್‌ಗೆ ಕಾರು, ಅಲ್ಲಿಂದ 2 ವಿಮಾನ. ಸುತ್ತ ಗೋಡೆ, ಬಾಗಿಲು ಇರುವ ದುಬಾರಿ ಸೀಟಿನ ಬಗ್ಗೆ ಆಗ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಲೆಕ್ಕ ಹಾಕಿ. ಮಾಮೂಲಿ ಟಿಕೆಟ್‌ಗಿಂತ ಜಾಸ್ತಿ ಕೊಡುವ ದುಡ್ಡನ್ನು ಮಲಗುವ ಗಂಟೆಗಳಿಂದ ಭಾಗಿಸಿ. 4 ಗಂಟೆಯ ಹಾರಾಟಕ್ಕೆ ಮಾಮೂಲಿ ಸೀಟೇ ಸಾಕು. 15 ಗಂಟೆಯ ರಾತ್ರಿ ಹಾರಾಟಕ್ಕೆ ಮಾತ್ರ ಖರ್ಚು ಮಾಡಿ.

ಬಾಗಿಲಿಗಾಗಿ ಫಸ್ಟ್ ಕ್ಲಾಸೇ ಬೇಕಿಲ್ಲ. ಕತಾರ್ ಏರ್‌ವೇಸ್ 2017ರಿಂದಲೇ ಅದಕ್ಕಿಂತ ಒಂದು ದರ್ಜೆ ಕೆಳಗಿನ ಬಿಸಿನೆಸ್ ಕ್ಲಾಸ್‌ನ ‘ಕ್ಯೂಸೂಟ್’ ಎಂಬ ಸೀಟಿಗೆ ಬಾಗಿಲು ಇಟ್ಟಿದೆ. ಎಮಿರೇಟ್ಸ್‌ನ ಕೆಲವು ಬೋಯಿಂಗ್ 777 ವಿಮಾನಗಳಲ್ಲಿ ಫಸ್ಟ್ ಕ್ಲಾಸ್ ಗೋಡೆ ಚಾವಣಿ ಮುಟ್ಟುತ್ತದೆ. ಉಳಿದ ಬಹುತೇಕ ಕಡೆ ಮೇಲೆ ತೆರೆದೇ ಇರುತ್ತದೆ, ಪಕ್ಕದ ಮಗು ಅತ್ತರೆ ಕೇಳಿಸುತ್ತದೆ. ನಿದ್ದೆ ತರುವುದು ಬಾಗಿಲಲ್ಲ, ಪೂರ್ತಿ ಚಪ್ಪಟೆಯಾಗುವ ಹಾಸಿಗೆ.

ಬುಕ್ ಮಾಡುವಾಗ ಸೀಟ್ ಮ್ಯಾಪ್ (ವಿಮಾನದ ಸೀಟುಗಳ ನಕ್ಷೆ) ನೋಡಿ, ಹೊರಡುವ ಮುಂಚೆ ಮತ್ತೊಮ್ಮೆ ನೋಡಿ. ನಮಗೆ ಕೊನೇ ಗಳಿಗೆಯಲ್ಲಿ ವಿಮಾನ ಬದಲಾಯಿಸಿದರು, ಬಾಗಿಲೇ ಇರಲಿಲ್ಲ! ತುಂಬಾ ಬೇಜಾರಾಯಿತು. ಆದರೆ ಅವ್ವ ಬಟನ್ ಒತ್ತಿದಳು, ಕಾಲು ನಿಧಾನವಾಗಿ ಮೇಲೆದ್ದವು. ಸೆರಗಿನ ಮೇಲೆ ಕಂಬಳಿ ಎಳೆದುಕೊಂಡು 7 ಗಂಟೆ ಮಲಗಿದಳು.

ವೀಲ್‌ಚೇರ್ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ. ಅದಕ್ಕೆ ದುಬಾರಿ ಟಿಕೆಟ್ ಬೇಕಾಗಿಲ್ಲ.