ಹಲಸಿನ ಹಲಗೆಯಲ್ಲಿ ‘ನೆಮ್ಮದಿ’

ಗೇಟಿನ ಕಂಬದ ಮೇಲೆ ಮನೆಯ ಹೆಸರನ್ನು ಮರದಲ್ಲಿ ನಾನೇ ಕತ್ತರಿಸಿ ಕೂರಿಸಬೇಕೆಂಬ ಆಸೆಯಿಂದ ಸ್ಕ್ರೋಲ್ ಸಾ ತರಿಸಿಕೊಂಡೆ. ಹೊಲಿಗೆ ಯಂತ್ರದಲ್ಲಿ ಸೂಜಿ ಇರುವ ಜಾಗದಲ್ಲಿ ಎಳೆಯಂಥ ಗರಗಸವೊಂದನ್ನು ಮೇಲೂ ಕೆಳಗೂ ಬಿಗಿದಿದ್ದರೆ ಹೇಗಿರುತ್ತದೋ ಹಾಗಿರುವ ಯಂತ್ರ ಇದು. ಗರಗಸ ನಿಂತಲ್ಲೇ ನಿಮಿಷಕ್ಕೆ 400ರಿಂದ 1600 ಸಲ ಮೇಲೆ ಕೆಳಗೆ ಆಡುತ್ತದೆ. ಹಲಗೆಯನ್ನು ತಿರುಗಿಸುತ್ತ ಗೆರೆಯನ್ನು ಅದರ ಬಾಯಿಗೆ ಒಡ್ಡುತ್ತ ಹೋಗುವುದು ನಮ್ಮ ಕೆಲಸ. ಮೈಸೂರಿನವನಾದ ನನಗೆ ಈ ಎಳೆ ಗರಗಸ ತೀರಾ ಹೊಸದಾಗಿರಲಿಲ್ಲ. ಬೀಟೆ ಮರದಲ್ಲಿ ಬೇರೆ ಬಣ್ಣದ ಮರದ ತುಣುಕು ಕೂರಿಸಿ ಚಿತ್ರ ಮಾಡುವ ಇನ್‌ಲೇ ಕೆಲಸದವರು ಬಾಗಿದ ಚೌಕಟ್ಟಿಗೆ ಅದನ್ನೇ ಬಿಗಿದುಕೊಂಡು ಆನೆಯ ಸೊಂಡಿಲು, ಬಾಳೆ ಎಲೆಯ ಅಂಚು ಕತ್ತರಿಸುವುದನ್ನು ಹುಡುಗನಾಗಿದ್ದಾಗ ಗಂಟೆಗಟ್ಟಲೆ ನೋಡುತ್ತ ನಿಂತಿದ್ದೆ. ಅವರ ಕೈಯ ಕೆಲಸವನ್ನು ಇಲ್ಲಿ ಮೋಟಾರು ಮಾಡುತ್ತದೆ, ಅವರ ಕಣ್ಣಿನ ಕೆಲಸವನ್ನು ಮಾತ್ರ ಮಾಡುವುದಿಲ್ಲ ಎಂಬುದು ಮೊದಲ ವಾರದಲ್ಲೇ ತಿಳಿಯಿತು.

ಮೊದಲ ಪ್ರಯತ್ನ ಕೆಟ್ಟಿತು. ಕಂಪ್ಯೂಟರಿನಲ್ಲಿದ್ದ ಒಂದು ಅಕ್ಷರಶೈಲಿಯಲ್ಲಿ ‘ನೆಮ್ಮದಿ’ ಎಂದು ದೊಡ್ಡದಾಗಿ ಮುದ್ರಿಸಿ, 6 ಮಿ.ಮೀ. ಪ್ಲೈವುಡ್‌ಗೆ ಅಂಟಿಸಿ, ಮೂರು ಅಕ್ಷರಗಳೂ ಒಂದಕ್ಕೊಂದು ತಗುಲಿಕೊಂಡು ಒಂದೇ ತುಂಡಾಗಿ ಬರುವಂತೆ ಕತ್ತರಿಸಲು ಹೊರಟಿದ್ದೆ. ಇಂಗ್ಲಿಷ್ ಹೆಸರುಗಳನ್ನು ಹಾಗೆ ಕೂಡಿಸಿ ಕತ್ತರಿಸಿದ್ದನ್ನು ನೋಡಿ ಹುಟ್ಟಿದ ಹುಮ್ಮಸ್ಸು ಅದು. ಕನ್ನಡದ ಒತ್ತಕ್ಷರ ಆ ಲೆಕ್ಕಕ್ಕೆ ಸಿಗಲಿಲ್ಲ. ಮಕಾರದ ಒತ್ತು ಮೇಲಿನ ಅಕ್ಷರವನ್ನು ಮುಟ್ಟದೆ ಕೆಳಗೆ ಬೇರೆಯಾಗಿಯೇ ಕೂತಿರುತ್ತದಾದ್ದರಿಂದ ನಡುವೆ ಒಂದು ಸಣ್ಣ ಕೊಂಡಿ ಬಿಡಬೇಕಾಯಿತು. 3 ಮಿ.ಮೀ. ಅಗಲದ ಆ ಕೊಂಡಿ ಸ್ಯಾಂಡ್‌ಪೇಪರ್ ತಗುಲಿದ ಕೂಡಲೇ ಲಟಕ್ಕೆಂದು ಮುರಿಯಿತು. ಅದಕ್ಕಿಂತ ಮುಂಚೆಯೇ ‘ದಿ’ಯ ಗುಡಿಸು ಹಾಳಾಗಿತ್ತು. ಯಂತ್ರದ ಜೊತೆ ಬಂದ ಬ್ಲೇಡುಗಳ ಎರಡೂ ತುದಿಗಳಲ್ಲಿ ಅಡ್ಡ ಪಿನ್ನುಗಳಿದ್ದವು. ಆ ಪಿನ್ನು ತೂರಬೇಕಾದರೆ 6 ಮಿ.ಮೀ. ತೂತು ಕೊರೆಯಬೇಕು, ಗುಡಿಸಿನ ಒಳಗಿನ ಜಾಗವೇ ಅಷ್ಟಿತ್ತು.

ಮುರಿದ ತುಂಡನ್ನು ಪರಿಚಯದ ಆಚಾರ್ರಿಗೆ ತೋರಿಸಿದೆ. ಅವರು ಒತ್ತನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, “ಸಾರ್, ಇದು ಬರೆಯುವಾಗಲೂ ಬೇರೆ, ಓದುವಾಗಲೂ ಬೇರೆ. ಕತ್ತರಿಸುವಾಗ ಮಾತ್ರ ಯಾಕೆ ಕಟ್ಟಿಹಾಕ್ತೀರಿ?” ಎಂದರು. ಹಿಂದೊಂದು ಹಲಗೆ ಕೊಟ್ಟು ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಅದರ ಮೇಲೆ ಕೂರಿಸುವ ಯೋಚನೆ ಬಂದದ್ದು ಆ ಮಾತಿನಿಂದ.

ಎರಡನೆಯ ಸಲ ಅಕ್ಷರಗಳನ್ನು ನಾನೇ ಬರೆದುಕೊಂಡೆ. ಮುದ್ರಣದ ಅಕ್ಷರಗಳಲ್ಲಿ ತಲೆಕಟ್ಟಿನ ತುದಿಯೂ ಒತ್ತಿನ ಬಾಲವೂ ಕೂದಲಿನಷ್ಟು ಸಣ್ಣಗಾಗುತ್ತವೆ; ಮರಕ್ಕೆ ಅದು ಆಗದು. ಎಲ್ಲಿಯೂ ಗೆರೆಯ ಅಗಲ 8 ಮಿ.ಮೀ.ಗಿಂತ ಕಡಿಮೆಯಾಗದಂತೆ, ಬೋರ್ಡು ಬರೆಯುವ ಪೇಂಟರುಗಳ ಹಾಗೆ ದಪ್ಪ ಕೈಯಲ್ಲಿ ಬರೆದೆ. ಸಾಮಿಲ್ಲಿನಿಂದ ತಂದ ಹಲಸಿನ ತುಂಡನ್ನು ಆಚಾರ್ರು 12 ಮಿ.ಮೀ. ದಪ್ಪಕ್ಕೆ ಹತ್ತರಿ ಹಿಡಿದುಕೊಟ್ಟರು. ತೇಗವೂ ಸಿಗುತ್ತಿತ್ತು, ಅದರಲ್ಲಿರುವ ಸಿಲಿಕಾದಿಂದ ಸಣ್ಣ ಬ್ಲೇಡುಗಳು ಬೇಗ ಮೊಂಡಾಗುತ್ತವೆ. ಹಲಗೆಯ ಉದ್ದ 38 ಸೆಂ.ಮೀ. ಯಂತ್ರದ ತೋಳಿನ ಒಳ ಅಳತೆ 16 ಇಂಚು, ಎಂದರೆ ಸುಮಾರು 40 ಸೆಂ.ಮೀ. ಇರುವುದರಿಂದ ಅದಕ್ಕಿಂತ ಉದ್ದದ ಹಲಗೆ ಸುತ್ತ ತಿರುಗುವಾಗ ಹಿಂದಿನ ಕಂಬಕ್ಕೆ ಬಡಿಯುತ್ತದೆ. ಮರದ ಎಳೆಯನ್ನು ತಲೆಕಟ್ಟಿನ ದಿಕ್ಕಿಗೆ, ಅಡ್ಡಡ್ಡವಾಗಿ ಇಟ್ಟುಕೊಂಡೆ. ಎಳೆಗೆ ಅಡ್ಡ ಬಿದ್ದ ತೆಳು ಭಾಗ ಬೆರಳೊತ್ತಿದರೂ ಮುರಿಯುತ್ತದೆ.

ಹಲಗೆಗೆ ಮೊದಲು ಮಾಸ್ಕಿಂಗ್ ಟೇಪು, ಅದರ ಮೇಲೆ ಅಂಟು ಸವರಿದ ನಕ್ಷೆ, ಎಲ್ಲಕ್ಕಿಂತ ಮೇಲೆ ಪಾರ್ಸೆಲ್ ಕಟ್ಟುವ ಪಾರದರ್ಶಕ ಟೇಪು. ಈ ಮೇಲಿನ ಟೇಪಿನಿಂದ ಬ್ಲೇಡು ಬಿಸಿಯಾಗಿ ಮರ ಸುಡುವುದು ಬಹಳ ಕಡಿಮೆಯಾಗುತ್ತದೆ. ಪಿನ್ನಿಲ್ಲದ 5ನೆಯ ನಂಬರಿನ ಬ್ಲೇಡು ಹಾಕಿಕೊಂಡೆ, ಅದಕ್ಕೆ 1.5 ಮಿ.ಮೀ. ತೂತು ಸಾಕು. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬಗೆಯದನ್ನೇ ಆರಿಸಿದ್ದರಿಂದ ಹಲಗೆಯ ಅಡಿಯಲ್ಲಿ ಸಿಬಿರು ಏಳಲಿಲ್ಲ.

ಕತ್ತರಿಸುವ ಮುಂಚೆ ಯಂತ್ರದ ಮೇಜಿನ ಮಟ್ಟ ನೋಡುವ ಒಂದು ಉಪಾಯವನ್ನು ಹೇಳಲೇಬೇಕು, ಏಕೆಂದರೆ ನನ್ನ ಇಡೀ ಕೆಲಸ ಅದರ ಮೇಲೆ ನಿಂತಿತ್ತು. ದಪ್ಪನೆಯ ಮರದ ಚೂರೊಂದರ ಅಂಚಿಗೆ ಬ್ಲೇಡಿನಿಂದ ಒಂದೆರಡು ಮಿ.ಮೀ. ಕಚ್ಚು ಹಾಕಿ, ಯಂತ್ರ ನಿಲ್ಲಿಸಿ, ಚೂರನ್ನು ಬ್ಲೇಡಿನ ಹಿಂಬದಿಗೆ ತಿರುಗಿಸಿ ತಂದು, ಬ್ಲೇಡಿನ ಬೆನ್ನು ಅದೇ ಕಚ್ಚಿನಲ್ಲಿ ಮೇಲಿಂದ ಕೆಳಗಿನವರೆಗೆ ಸಲೀಸಾಗಿ ಕೂರುತ್ತದೆಯೇ ಎಂದು ನೋಡಬೇಕು. ಕೂತರೆ ಮೇಜು ಬ್ಲೇಡಿಗೆ ಸರಿಯಾಗಿ 90 ಡಿಗ್ರಿಯಲ್ಲಿದೆ. ಓರೆಯಿದ್ದರೆ ಈ ತಿರುವಿನಲ್ಲಿ ಅದು ಎರಡರಷ್ಟಾಗಿ ಕಾಣುತ್ತದೆ, ಮೂಲೆಮಟ್ಟಕ್ಕೆ ಸಿಗದ ಓರೆಯೂ ಸಿಕ್ಕಿಬೀಳುತ್ತದೆ.

ಒಳಗಿನ ರಂಧ್ರಗಳನ್ನು ಮೊದಲು ಮುಗಿಸಬೇಕು, ಏಕೆಂದರೆ ಅಕ್ಷರ ಕಳಚಿಕೊಂಡ ಮೇಲೆ ಅಷ್ಟು ಸಣ್ಣ ತುಂಡನ್ನು ಹಿಡಿದು ಒಳಗೆ ಕೊರೆಯುವುದು ಬೆರಳಿಗೆ ಅಪಾಯ. ಹೊರ ಗೆರೆಗೂ ಹಲಗೆಯ ಅಂಚಿನಿಂದ ಒಳಬರದೆ, ಪ್ರತಿ ಅಕ್ಷರದ ಪಕ್ಕದ ಖಾಲಿ ಜಾಗದಲ್ಲೊಂದು ತೂತು ಕೊರೆದು ಅಲ್ಲಿಂದಲೇ ಹೊರಟೆ. ಬ್ಲೇಡು ಸದಾ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ತಯಾರಿಸುವಾಗ ಒಂದು ಪಕ್ಕದಲ್ಲಿ ಉಳಿದ ಚೂಪು ಅಂಚೇ ಇದಕ್ಕೆ ಕಾರಣವಾದ್ದರಿಂದ ಹಲಗೆಯನ್ನು ಕೊಂಚ ಓರೆಯಾಗಿ ಒಡ್ಡುವುದನ್ನು ಕೈಗೆ ಕಲಿಸಬೇಕಾಗುತ್ತದೆ. ಕನ್ನಡದ ಲಿಪಿ ಇಲ್ಲಿ ಒಲಿಯಿತು. ನೇರ ಗೆರೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ‘ಮ’ದ ಸುತ್ತಿನಲ್ಲಿ ಅರ್ಧ ಮಿ.ಮೀ. ಆಚೀಚೆ ಹೋದದ್ದು ನನಗಲ್ಲದೆ ಯಾರಿಗೂ ಗೊತ್ತಾಗಿಲ್ಲ. ಕಷ್ಟ ಬಂದದ್ದು ‘ನೆ’ಯ ಸುರುಳಿ ಮೈಗೆ ಕೂಡುವ ಸಂದಿನಲ್ಲಿ. ಅಲ್ಲಿ ಮುಂದಕ್ಕೆ ನೂಕುವುದನ್ನು ನಿಲ್ಲಿಸಿ, ಬ್ಲೇಡಿನ ಬೆನ್ನಿಗೆ ಮರವನ್ನು ತುಸು ಒರಗಿಸಿ, ನಿಂತಲ್ಲೇ ಹಲಗೆಯನ್ನು ಗರ್ರನೆ ತಿರುಗಿಸಬೇಕು. ಹೆದರಿ ಮೆಲ್ಲಗೆ ತಿರುಗಿಸಿದ ಮೊದಲ ಎರಡು ಸಲವೂ ಬ್ಲೇಡು ತುಂಡಾಯಿತು.

ಏಳುವ ಹಳದಿ ಪುಡಿಗೆ ಮುಖಕ್ಕೆ ಮಾಸ್ಕ್ ಇತ್ತು, ಅಂಗಿಗೆ ಇರಲಿಲ್ಲ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಹಲಸಿನ ತಿರುಳನ್ನು ಏಕೆ ಬಳಸುತ್ತಿದ್ದರೆಂಬುದು ಆ ಸಂಜೆ ಅಂಗಿಯ ತೋಳು ಒಗೆದಾಗ ಅರ್ಥವಾಯಿತು.

ಅಕ್ಷರಗಳೆಲ್ಲ ಕಳಚಿಕೊಂಡ ಮೇಲೆ ಉಳಿದ ತೂತು ಹಲಗೆಯನ್ನು ನಾನು ಒಲೆಗೆ ಹಾಕಲಿಲ್ಲ. ಹೊರಗಿನಿಂದ ಸೀಳಿ ಬಂದಿರದ ಕಾರಣ ಅದು ಇಡಿಯಾಗಿತ್ತು. ಕಪ್ಪು ಬಣ್ಣ ಬಳಿದ ಹಿಂಬದಿಯ ಹಲಗೆಯ ಮೇಲೆ ಅದನ್ನು ಕ್ಲಾಂಪಿನಿಂದ ಬಿಗಿದು, ಉಜ್ಜಿ ನುಣುಪು ಮಾಡಿದ ಪ್ರತಿ ಅಕ್ಷರವನ್ನೂ ಅದರದೇ ತೂತಿಗೆ ಇಳಿಸಿ ಅಂಟಿಸಿದೆ. ಹೀಗೆ ಒತ್ತು ನಕ್ಷೆಯಲ್ಲಿದ್ದ ಜಾಗದಲ್ಲೇ, ಮೇಲಿನ ‘ಮ’ದಿಂದ ಬೇರೆಯಾಗಿ ಕೂತಿತು. ಅಂಟು ಒಣಗುವ ಮುಂಚೆ ತೂತು ಹಲಗೆಯನ್ನು ನೇರವಾಗಿ ಮೇಲಕ್ಕೆತ್ತಬೇಕು. ಕತ್ತರಿಸಿದ ಅಂಚು ಓರೆಯಾಗಿದ್ದರೆ ಅದು ಅಕ್ಷರಗಳನ್ನೂ ಕಿತ್ತುಕೊಂಡೇ ಏಳುತ್ತದೆ. ಮಟ್ಟದ ಬಗ್ಗೆ ಅಷ್ಟು ತಲೆಕೆಡಿಸಿಕೊಂಡದ್ದು ಇದಕ್ಕಾಗಿಯೇ.

ನೀರು ಬಿದ್ದರೆ ಅರಗಿನ ಪಾಲಿಶ್ ಬಿಳುಚಿಕೊಳ್ಳುತ್ತದೆಂದು ಹೊರಗೆ ಬಳಸುವ ಪಿಯು (ಪಾಲಿಯುರಿಥೇನ್) ಪಾಲಿಶ್ ಮೂರು ಕೈ ಹೊಡೆದೆ. ಒಂದು ಮಳೆಗಾಲ ತಡೆದಿದೆ. ಹಾಕಿದ ದಿನ ನಿಂಬೆಹಣ್ಣಿನ ಹಳದಿಯಂತಿದ್ದ ಹಲಸು ಬಿಸಿಲಿಗೆ ಮಾಗುತ್ತ ಮಾಗುತ್ತ ಈಗ ಬೆಲ್ಲದ ಬಣ್ಣಕ್ಕೆ ಬಂದಿದೆ, ಹಿಂದಿನ ಕಪ್ಪಿಗೆ ಮೊದಲಿನಷ್ಟು ಎದ್ದು ಕಾಣುವುದಿಲ್ಲ. ತಂಗಿಯ ಮನೆಯ ಹೆಸರಿಗೆ ಹಿಂಬದಿಯ ಹಲಗೆಯನ್ನು ಬಿಳಿಯ ಹಾಲೆ ಮರದಲ್ಲೇ ಮಾಡುತ್ತಿದ್ದೇನೆ.