ಬೆತ್ಸಾಯಿದದ ಕುರುಡ ಮತ್ತು ಜುಲೈ ತಿಂಗಳ ಮಂಜು

ವಿರಾಜಪೇಟೆಯ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ರೈಟರ್. ದಿನವೂ ಬೆಳಿಗ್ಗೆ ಆಳುಗಳ ಹಾಜರಿಯನ್ನು ಚೆಕ್‌ರೋಲಿನಲ್ಲಿ ಬರೆಯುತ್ತೇನೆ. ಭಾನುವಾರ ಬಲಿಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಒಮ್ಮೆ ಬೈಬಲಿನ ಮಾರ್ಕನ ಶುಭಸಂದೇಶದ 8ನೆಯ ಅಧ್ಯಾಯದಿಂದ, ಬೆತ್ಸಾಯಿದ ಎಂಬ ಊರಿನಲ್ಲಿ ಯೇಸು ಕುರುಡನೊಬ್ಬನಿಗೆ ದೃಷ್ಟಿ ಕೊಟ್ಟ ಪ್ರಸಂಗವನ್ನು ಓದಿದಾಗ ಹುಡುಗಿಯೊಬ್ಬಳು, “ಸರ್, ಯೇಸುಸ್ವಾಮಿ ಎರಡು ಸಲ ಮುಟ್ಟಬೇಕಾಯಿತಲ್ಲ, ಮೊದಲನೆಯ ಸಲ ಯಾಕೆ ಪೂರ್ತಿ ವಾಸಿಯಾಗಲಿಲ್ಲ?” ಎಂದು ಕೇಳಿದಳು. ಹಾಗೆಲ್ಲ ಪ್ರಶ್ನಿಸಬಾರದೆಂದು ಅವಳನ್ನು ಸುಮ್ಮನಾಗಿಸಿದೆ. ಆ ತಪ್ಪು ನನ್ನನ್ನು ಕೊರೆಯತೊಡಗಿತು.

22ರಿಂದ 26ರವರೆಗಿನ ಐದು ವಚನಗಳನ್ನು ಕೈಯಾರೆ ಬರೆದುಕೊಂಡು, ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ದಿನಕ್ಕೊಂದನ್ನು ಮಾತ್ರ ಗಟ್ಟಿಯಾಗಿ ಓದತೊಡಗಿದೆ. ಯೇಸು ಆ ಮನುಷ್ಯನ ಕೈ ಹಿಡಿದು ಊರ ಹೊರಗೆ ಕರೆದೊಯ್ಯುತ್ತಾರೆ, ಮುಟ್ಟಿದ ಮೇಲೆ “ಏನಾದರೂ ಕಾಣುತ್ತಿದೆಯೇ?” ಎಂದು ಕೇಳುತ್ತಾರೆ. ಉಪಕಾರ ಮಾಡಿದವರ ದಾಕ್ಷಿಣ್ಯಕ್ಕೆ ಎಲ್ಲವೂ ಚೆನ್ನಾಗಿ ಕಾಣುತ್ತಿದೆ ಎಂದು ಹೇಳಿಬಿಡುವುದು ಅವನಿಗೆ ಸುಲಭವಿತ್ತು. ಅವನಾದರೋ, ಮನುಷ್ಯರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಎಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ. ಎರಡನೆಯ ಸ್ಪರ್ಶ ಆ ಮಾತಿನ ನಂತರ ಬರುತ್ತದೆ.

ಈ ಪ್ರಸಂಗ ಇರುವುದು ಮಾರ್ಕನಲ್ಲಿ ಮಾತ್ರ. ಹಿಂದುಮುಂದಿನದನ್ನೂ ಓದಿದಾಗ ಅದನ್ನು ಅಲ್ಲೇ ಇಟ್ಟಿರುವ ಕಾರಣ ಹೊಳೆಯಿತು. ಸ್ವಲ್ಪ ಹಿಂದೆ, 18ನೆಯ ವಚನದಲ್ಲಿ, ಕಣ್ಣಿದ್ದೂ ನಿಮಗೆ ಕಾಣುವುದಿಲ್ಲವೇ ಎಂದು ಯೇಸು ಶಿಷ್ಯರನ್ನೇ ಕೇಳುತ್ತಾರೆ. ಸ್ವಲ್ಪ ಮುಂದೆ, 29ರಲ್ಲಿ, ನೀವೇ ಕ್ರಿಸ್ತ ಎನ್ನುವ ಶಿಷ್ಯ ಪೇತ್ರ, ಕ್ರಿಸ್ತನು ಕಷ್ಟಪಟ್ಟು ಸಾಯಬೇಕೆಂಬ ಮಾತನ್ನು ಕೇಳಿದ ಕೂಡಲೇ ತಡೆಯಲು ಹೋಗಿ ಗದರಿಸಿಕೊಳ್ಳುತ್ತಾನೆ. ಅವನಿಗೂ ಕಂಡದ್ದು ಅರ್ಧವೇ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ತೋಟಕ್ಕೆ ದಟ್ಟವಾಗಿ ಮಂಜು ಇಳಿದಿತ್ತು. ಆಳುಗಳ ಮನೆಗಳಿರುವ ಲೈನಿನಿಂದ ಸಿಲ್ವರ್ ಓಕ್ ಮರಗಳ ಸಾಲಿನ ನಡುವೆ ಬರುತ್ತಿದ್ದ ಆಳುಗಳು ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದಿದ್ದರಿಂದ ಯಾವುದು ಮರ, ಯಾರು ಮನುಷ್ಯರು ಎಂದು ತಿಳಿಯುವಂತಿರಲಿಲ್ಲ. ಎಲ್ಲರ ಹಿಂದೆ ದಪ್ಪ ಆಕೃತಿಯೊಂದು ಮೆಲ್ಲಗೆ ಬಂತು. ಹತ್ತಿರವಾದಾಗ ಅದು ಇಬ್ಬರು. ಕಣ್ಣಿಗೆ ಪೊರೆ ಬಂದಿದ್ದ ಅತ್ತೆಯನ್ನು ಒಬ್ಬಳೇ ಮನೆಯಲ್ಲಿ ಬಿಡಲಾರದೆ, ಸೊಸೆ ಕೈ ಹಿಡಿದು ನಡೆಸಿಕೊಂಡು ಬಂದು, ಕಣದ ಪಕ್ಕದ ಶೆಡ್ಡಿನಲ್ಲಿ ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದಳು. ತಡವಾಗಿ ಬರುತ್ತಾಳೆಂದು ಅವಳ ಹೆಸರಿನೆದುರು ಎಷ್ಟೋ ಸಲ ಅರ್ಧ ದಿನವೆಂದು ಬರೆದವನು ನಾನು. ಯಾಕೆ ತಡವಾಯಿತಮ್ಮಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಂದು ಕೇಳಿದೆ, ಪೂರ್ತಿ ದಿನ ಬರೆದೆ. ರಾತ್ರಿ 24ನೆಯ ವಚನವನ್ನು ಮತ್ತೆ ಓದಿ, ಪ್ರಭುವೇ, ನನಗೂ ಇಷ್ಟೇ ಕಾಣುತ್ತಿದೆ ಎಂದು ಪ್ರಾರ್ಥಿಸಿದೆ.

ಮುಂದಿನ ಭಾನುವಾರ ಆ ಹುಡುಗಿಯಿಂದಲೇ ಐದೂ ವಚನಗಳನ್ನು ಓದಿಸಿದೆ. ‘ಮರಗಳ ಹಾಗೆ’ ಎಂಬಲ್ಲಿ ಅವಳನ್ನು ನಿಲ್ಲಿಸಿ, ಅವಳು ಕೇಳಿದ್ದ ಪ್ರಶ್ನೆಯನ್ನು ಈ ಸಲ ಎಲ್ಲ ಮಕ್ಕಳ ಮುಂದೆ ನಾನೇ ಕೇಳಿದೆ.