ಕರಿಬೇವಿನ ಕುಂಡದಲ್ಲೊಂದು ಚಿಟ್ಟೆ: ಪುಟ್ಟ ಮಕ್ಕಳಿಗೆ ಪ್ರಕೃತಿಯ ಹುಚ್ಚು ಹತ್ತಿಸುವುದು ಹೇಗೆ?

ಮಕ್ಕಳಿಗೆ ಪ್ರಕೃತಿ ತೋರಿಸಬೇಕು ಅಂದಕೂಡಲೇ ನಮಗೆ ಬಂಡೀಪುರ, ಕಬಿನಿ ನೆನಪಾಗುತ್ತವೆ. ಆದರೆ ನಾಲ್ಕು ವರ್ಷದ ಮಗುವಿಗೆ ಜೀಪಿನಿಂದ ದೂರದಲ್ಲಿ ಕಾಣುವ ಆನೆಗಿಂತ, ಮೂಗಿನ ಮುಂದೆ ಹರಿದಾಡುವ ಹುಳವೇ ದೊಡ್ಡದು. ಬೆಳಿಗ್ಗೆ ಎದ್ದ ತಕ್ಷಣ ಓಡಿಹೋಗಿ ನೋಡಬಹುದಾದ ಒಂದು ಜೀವ ಮನೆಯಲ್ಲೇ ಇರಬೇಕು. ಅದಕ್ಕೆ ಕರಿಬೇವಿನ ಗಿಡದಷ್ಟು ಸುಲಭದ ದಾರಿ ನನಗೆ ಬೇರೆ ಸಿಕ್ಕಿಲ್ಲ.

ಗಿಡ ತನ್ನಿ, ಔಷಧಿ ಬಿಡಿ

ನರ್ಸರಿಯಿಂದ ಎರಡು ಸಸಿ ತನ್ನಿ. ಒಂದು ಒಗ್ಗರಣೆಗೆ, ಇನ್ನೊಂದು ಅದರ ಎಲೆ ತಿಂದು ಬೆಳೆಯುವ ಚಿಟ್ಟೆಯ ಹುಳಕ್ಕೆ. ನಿಂಬೆ ಗಿಡವಾದರೂ ಆಗುತ್ತದೆ. ಬಿಸಿಲು ಬೀಳುವ ಕಡೆ ಇಡಿ. ನರ್ಸರಿಯಲ್ಲಿ ಔಷಧಿ ಹೊಡೆದಿರಬಹುದು, ಹಾಗಾಗಿ ಹೊಸ ಚಿಗುರು ಬರುವವರೆಗೆ ಕಾಯಬೇಕು. ಆಮೇಲೆ ಏನನ್ನೂ ಸಿಂಪಡಿಸಬೇಡಿ, ಬೇವಿನ ಎಣ್ಣೆಯನ್ನೂ ಬೇಡ. ನೀರು ಹಾಕುವ ಕೆಲಸ ಮಗುವಿಗೇ ಇರಲಿ. ಕೈಗೆ ಒಂದು ಪುಟ್ಟ ಚೊಂಬು ಕೊಟ್ಟರೆ ಸಾಕು. ಅರ್ಧ ನೀರು ನೆಲಕ್ಕೆ ಚೆಲ್ಲುತ್ತದೆ, ಚೆಲ್ಲಲಿ.

ಎಲೆ ತಿರುಗಿಸಿ ನೋಡಿ

ಮಳೆ ಶುರುವಾದ ಮೇಲೆ ಚಿಟ್ಟೆಗಳು ಜಾಸ್ತಿ. ಕಪ್ಪು ಮೈಯ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲಿರುವ ಕಾಮನ್ ಮಾರ್ಮನ್ ಚಿಟ್ಟೆಯನ್ನು ನೀವೂ ನೋಡಿರುತ್ತೀರಿ. ಅದರ ಹೆಣ್ಣು ಎಳೆ ಎಲೆಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ತಿಳಿ ಹಳದಿ ಬಣ್ಣ, ಸಾಸಿವೆಗಿಂತ ಚಿಕ್ಕದು. ಮೂರು ನಾಲ್ಕು ದಿನಕ್ಕೆ ಮರಿಹುಳ ಹೊರಬಂದು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ.

ಆಮೇಲೆ ನಿಜವಾದ ಮಜಾ. ಮರಿಹುಳ ಥೇಟ್ ಹಕ್ಕಿಯ ಹಿಕ್ಕೆಯ ಹಾಗಿರುತ್ತದೆ: ಕಂದು ಮೈ, ನಡುವೆ ಬಿಳಿ ಮಚ್ಚೆ. ನನ್ನ ಮಗಳು ಮೊದಲ ಸಲ ನೋಡಿ, "ಅಮ್ಮಾ, ಎಲೆ ಮೇಲೆ ಕಾಗೆ ಕಕ್ಕ ಮಾಡಿದೆ" ಅಂದಳು. ನಾನು ಸರಿಪಡಿಸಲಿಲ್ಲ. ಇಬ್ಬರೂ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಐದು ನಿಮಿಷ ಆದಮೇಲೆ ಆ 'ಕಕ್ಕ' ತಲೆ ಎತ್ತಿ ಎಲೆಯ ಅಂಚನ್ನು ಕಚ್ಚಿತು. ಅವಳು ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಬಾಲ್ಕನಿಗೆ ಬಂದರು.

ಕೊನೆಯ ಸಲ ಪೊರೆ ಬಿಟ್ಟಾಗ ಹುಳ ಹಸಿರಾಗಿ ಎಲೆಯಲ್ಲಿ ಬೆರೆತುಹೋಗುತ್ತದೆ. ಹುಲ್ಲುಕಡ್ಡಿಯಿಂದ ಮೆತ್ತಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಹೊರಚಾಚುತ್ತದೆ, ಘಾಟು ವಾಸನೆ ಬರುತ್ತದೆ. ಶತ್ರುವನ್ನು ಓಡಿಸುವ ಉಪಾಯ ಅದು. ಒಂದು ಸಲ ಸಾಕು, ಪದೇ ಪದೇ ಕಾಡಿಸಬಾರದು.

ನಿಮ್ಮ ಮುಖ ನೋಡಿಕೊಳ್ಳಿ

ಹುಳ ಕಂಡಾಗ ಮಗು ಮೊದಲು ನೋಡುವುದು ಹುಳವನ್ನಲ್ಲ, ನಮ್ಮ ಮುಖವನ್ನು. ನಾವು 'ಛೀ' ಅಂದರೆ ಅದೂ 'ಛೀ' ಅನ್ನುತ್ತದೆ. ನಿಮಗೆ ಹುಳ ಅಂದರೆ ಮೈ ಜುಮ್ ಅನ್ನುತ್ತಾ? ಮುಟ್ಟಬೇಡಿ, ದೂರದಿಂದಲೇ "ಅಬ್ಬಾ, ಎಷ್ಟು ತಿಂದಿದೆ ನೋಡು" ಅನ್ನಿ. ಪಾಠ ಮಾಡುವ ಆತುರವೂ ಬೇಡ. "ನಿನ್ನೆ ಎಷ್ಟು ಎಲೆ ಇತ್ತು?" ಎಂಬ ಒಂದು ಪ್ರಶ್ನೆ ಕೇಳಿ ಸುಮ್ಮನಿದ್ದರೆ ಮಿಕ್ಕಿದ್ದೆಲ್ಲ ಅದೇ ಹೇಳುತ್ತದೆ.

ಎರಡೇ ಕಟ್ಟುಪಾಡು ಸಾಕು. ಮೈತುಂಬ ಕೂದಲಿರುವ ಕಂಬಳಿಹುಳವನ್ನು ಮುಟ್ಟಬಾರದು, ತುರಿಕೆ ಬರುತ್ತದೆ. ಗೊತ್ತಿಲ್ಲದ ಗಿಡದ ಎಲೆ, ಹೂವು ಬಾಯಿಗೆ ಹಾಕಬಾರದು. ಎಲ್ಲ ಕಡೆ ಕಾಣುವ ಕಣಗಿಲೆ ಕೂಡ ವಿಷ.

ಹುಳ ಕಾಣೆಯಾದರೆ

ಆಗುತ್ತದೆ. ಒಂದು ಬೆಳಿಗ್ಗೆ ನಮ್ಮ ದೊಡ್ಡ ಹುಳ ಇರಲೇ ಇಲ್ಲ. "ಹಾರಿಹೋಯ್ತು" ಅಂತ ಸುಳ್ಳು ಹೇಳುವ ಮನಸ್ಸಾಯಿತು, ಹೇಳಲಿಲ್ಲ. "ಹಕ್ಕಿ ತಿಂದಿರಬೇಕು ಕಂದಾ, ಅದರ ಗೂಡಲ್ಲೂ ಮರಿ ಇರಬಹುದು" ಅಂದೆ. ಅತ್ತಳು. ಸಂಜೆ ತಾನೇ ಹೋಗಿ ಬೇರೆ ಎಲೆಗಳ ಕೆಳಗೆ ಹುಡುಕಿದಳು.

ಕೋಶ ಕಟ್ಟಿದ ಮೇಲೆ

ಸುಮಾರು ಎರಡು ಎರಡೂವರೆ ವಾರಕ್ಕೆ ಹುಳ ತಿನ್ನುವುದು ನಿಲ್ಲಿಸಿ ಜಾಗ ಹುಡುಕುತ್ತದೆ. ಸೊಂಟಕ್ಕೊಂದು ರೇಷ್ಮೆ ಎಳೆ ಬಿಗಿದುಕೊಂಡು ಕೋಶವಾಗುತ್ತದೆ. ಹಸಿರು ಕಡ್ಡಿಯ ಮೇಲಿದ್ದರೆ ಸಾಮಾನ್ಯವಾಗಿ ಹಸಿರು, ಒಣಗಿದ ಕಡ್ಡಿಯ ಮೇಲಿದ್ದರೆ ಕಂದು. ಇನ್ನು ಕುಂಡ ಅಲುಗಾಡಿಸಬೇಡಿ. ಕ್ಯಾಲೆಂಡರಿನಲ್ಲಿ ಮಗುವಿನ ಕೈಲೇ ದಿನಕ್ಕೊಂದು ಗೆರೆ ಹಾಕಿಸಿ. 8ರಿಂದ 12 ಗೆರೆಗಳಾಗುವ ಹೊತ್ತಿಗೆ ಕೋಶ ಕಪ್ಪಾಗಿ, ಒಳಗಿನ ರೆಕ್ಕೆ ಕಾಣತೊಡಗುತ್ತದೆ. ಮಾರನೇ ದಿನ ಬೇಗ ಎಬ್ಬಿಸಿ. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿರುತ್ತದೆ. ಬಿಡಿಸಲು ಸಹಾಯ ಮಾಡಬಾರದು, ಹರಿದುಹೋಗುತ್ತದೆ. ಒಂದೆರಡು ಗಂಟೆ ಒಣಗಿ ತಾನೇ ಹಾರುತ್ತದೆ.

ಈಗ ಹೊರಗೆ ಹೊರಡಿ

ನಾವು ಬೆಂಗಳೂರಿನವರು, ಹಾಗಾಗಿ ಲಾಲ್‌ಬಾಗ್. ನಿಮ್ಮೂರಿನ ಕೆರೆ ಏರಿ, ಗುಡ್ಡ, ತೋಟ ಯಾವುದಾದರೂ ಸರಿ. ಬೆಳಿಗ್ಗೆ ಏಳಕ್ಕೆ ಹೋಗಿ, ಮೊಬೈಲ್ ಜೇಬಲ್ಲಿರಲಿ. ಇಷ್ಟು ದೂರ ನಡೆಯಲೇಬೇಕು ಅಂತ ಹಠ ಬೇಡ, ಮಗು ನಿಂತಲ್ಲಿ ನಿಲ್ಲಿ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮಗುವಿಗೆ ಆ ಲೆಕ್ಕ ತಿಳಿಯುವುದಿಲ್ಲ. ಆದರೆ ಚಪ್ಪಲಿ ಬಿಚ್ಚಿ ಎಳೆಬಿಸಿಲಿಗೆ ಬೆಚ್ಚಗಾದ ಕಲ್ಲಿನ ಮೇಲೆ ಅಂಗಾಲಿಟ್ಟರೆ ಆ ಬಿಸಿ ತಿಳಿಯುತ್ತದೆ. ನನ್ನ ಮಗಳು ಅಲ್ಲೇ ಬೋರಲು ಮಲಗಿ, ಬಿರುಕಿನಲ್ಲಿ ಸಾಗುತ್ತಿದ್ದ ಇರುವೆ ಸಾಲಿಗೆ ಮುಖವಿಟ್ಟಳು. ಒಂದು ಗಂಟೆ ಆದರೂ ಏಳಲಿಲ್ಲ. ಅವತ್ತು ನಾವು ಗಾಜಿನ ಮನೆ ನೋಡಲೇ ಇಲ್ಲ.